ಚಿಕ್ಕಮುನಿಯಪ್ಪನ ಚರ್ಮದ ಬೆಣೆ

ಒಬ್ಬ ಮನುಷ್ಯ ಹೇಗೆ ನಡೆಯುತ್ತಾನೆ ಅಂತ ಹೇಳಲು ಚಿಕ್ಕಮುನಿಯಪ್ಪನಿಗೆ ಆ ಮನುಷ್ಯನನ್ನು ನೋಡಬೇಕಾಗಿರಲಿಲ್ಲ. ಅವನ ಹಳೇ ಜೋಡು ಕೈಗೆ ಸಿಕ್ಕರೆ ಸಾಕಿತ್ತು. ಅಟ್ಟೆಯನ್ನು ಬೆಳಕಿಗೆ ತಿರುಗಿಸಿ, ಸವೆದ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಇವರಿಗೆ ಎಡಮಂಡಿ ನೋವಿದೆ, ಇವರು ತಲೆ ಮೇಲೆ ಹೊರೆ ಹೊರುವವರು ಅಂದುಬಿಡುತ್ತಿದ್ದ. ಬ್ಲ್ಯಾಕ್‌ಪಲ್ಲಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂಬದಿ ಗೋಡೆಗೆ ಒರಗಿಸಿದ ಒಂದು ತಗಡಿನ ಮರೆಯೇ ಅವನ ಅಂಗಡಿ. ಅವನಪ್ಪನೂ ಅಲ್ಲೇ ಕೂತು ಜೋಡು ಹೊಲಿದಿದ್ದ. ಮನೆ ಹಲಸೂರಿನ ಕೇರಿಯಲ್ಲಿ. ಅಕ್ಷರ ಕಲಿತವನಲ್ಲ. ಆದರೆ ದಂಡಿನ, ಅಂದರೆ ಕಂಟೋನ್ಮೆಂಟಿನ, ಬೀದಿಗಳಲ್ಲಿ ಬೆಳೆದದ್ದರಿಂದ ಕನ್ನಡ, ತೆಲುಗು, ತಮಿಳು, ದಖನಿ ನಾಲ್ಕೂ ನಾಲಗೆ ಮೇಲಿದ್ದವು. ಇಂಗ್ಲಿಷು ಅರ್ಥವಾಗುತ್ತಿತ್ತು, ಆಡಲು ಮಾತ್ರ ಬರುತ್ತಿರಲಿಲ್ಲ. ಮುಂದೆ ಅವನ ಒಳಗುದಿಗೆಲ್ಲ ಇದೇ ಮೂಲವಾಯಿತು. ಸಾಹೇಬರು ತನ್ನ ಬಗ್ಗೆ ಏನಂದರು ಅನ್ನುವುದು ಪೂರ್ತಿ ತಿಳಿಯುತ್ತಿತ್ತು, ತಿರುಗಿ ಹೇಳಲು ಬಾಯಿರಲಿಲ್ಲ.

ಯುದ್ಧ ಜೋರಾಗಿದ್ದ ಸಾವಿರದ ಒಂಬೈನೂರ ನಲವತ್ಮೂರರಲ್ಲಿ ದಂಡಿನ ಒಂದು ಆಸ್ಪತ್ರೆಯವರು ಚರ್ಮದ ಕೆಲಸದವರನ್ನು ಹುಡುಕಿಕೊಂಡು ಬಂದರು. ಬರ್ಮಾ ಕಡೆಯಿಂದ ಕಾಲು ಕಳೆದುಕೊಂಡವರು ರೈಲು ತುಂಬಿ ಬರುತ್ತಿದ್ದರು. ಮಂಡಿಯ ಕೆಳಗೆ ಕತ್ತರಿಸಿದವರಿಗೆ ಮರದ ಕಾಲು ಕಟ್ಟಿ ಕಳಿಸಲು ಆಸ್ಪತ್ರೆಯ ಹಿಂದೆ ಒಂದು ಷೆಡ್ಡು ಹಾಕಿದ್ದರು. ಕಾಲುಗಳು ಪೆಟ್ಟಿಗೆಗಳಲ್ಲಿ ಸೀಮೆಯಿಂದ, ಅಂದರೆ ಇಂಗ್ಲೆಂಡಿನಿಂದ, ಬರುತ್ತಿದ್ದವು. ಮೊಂಡುಗಾಲು ಕೂರಲು ಮೇಲೊಂದು ಮರದ ಬಟ್ಟಲು, ಕೆಳಗೆ ಬೋಲ್ಟಿನಿಂದ ಬಿಗಿದ ಮರದ ಪಾದ, ಎರಡೂ ಬದಿಗೆ ಉಕ್ಕಿನ ಪಟ್ಟಿ, ತೊಡೆಗೆ ಸುತ್ತಿ ದಾರ ಬಿಗಿಯುವ ಚರ್ಮದ ತೊಡೆಪಟ್ಟಿ. ಆ ತೊಡೆಪಟ್ಟಿ ಹೊಲಿಯುವುದು ಚಿಕ್ಕಮುನಿಯಪ್ಪನ ಕೆಲಸ. ಮರ ಕೊರೆಯುವುದು ಚಾಂದ್ ಪಾಷಾ ಅನ್ನುವ ಬಡಗಿಯ ಕೆಲಸ. ಆತ ಚಿಕ್ಕಮುನಿಯಪ್ಪನಿಗಿಂತ ಹತ್ತು ವರ್ಷ ಹಿರಿಯ, ಮಾತು ಕಡಿಮೆ. ಕಾಲನ್ನು ರೋಗಿಗೆ ಕಟ್ಟಿ, ಪಾದ ಎತ್ತ ತಿರುಗಿರಬೇಕು, ಬಟ್ಟಲು ಎಷ್ಟು ಬಾಗಿರಬೇಕು ಅಂತ ನಿಲುವು ಸರಿಮಾಡುವವನು ಸಾರ್ಜೆಂಟ್ ಗ್ರೀವ್ಸ್.

ಗ್ರೀವ್ಸ್ ಗೋಡೆಗೆ ಒಂದು ಪಟ ಅಂಟಿಸಿದ್ದ. ಮಂಡಿಯ ನಡುವಿನಿಂದ ತೂಗುಗುಂಡು ಇಳಿಬಿಟ್ಟರೆ ಅದು ಪಾದದ ಇಂಥ ಜಾಗಕ್ಕೇ ಬೀಳಬೇಕು ಅಂತ ಅದರಲ್ಲಿ ಗೆರೆ ಎಳೆದಿತ್ತು. ಬಿಳೀ ಸಿಪಾಯಿ ಬಂದರೆ ಆ ಪಟವನ್ನು ಮರೆತು, ಮೂರು ಮೂರು ದಿನ ಕೂರಿಸಿಕೊಂಡು, ಎಲ್ಲಿ ಒತ್ತುತ್ತೆ, ಎಲ್ಲಿ ಉಜ್ಜುತ್ತೆ ಅಂತ ಕೇಳಿ ಕೇಳಿ ಸರಿಮಾಡುತ್ತಿದ್ದ. ನಮ್ಮವರಾದರೆ ಒಂದು ಬೆಳಗಿಗೆ ಮೂವರು. ಗುಂಡು ಬಿಡು, ಬೋಲ್ಟು ಬಿಗಿ, ಬೂಟು ತೊಡಿಸು, ವೆರಾಂಡದ ನುಣುಪು ಗಾರೆ ನೆಲದ ಮೇಲೆ ಹತ್ತು ಹೆಜ್ಜೆ ನಡೆಸು, ಕಾಗದಕ್ಕೆ ರುಜು ಹಾಕು, ಊರಿಗೆ ಕಳಿಸು. ಊರಲ್ಲಿ ಅವನಿಗೆ ಗಾರೆ ನೆಲ ಎಲ್ಲಿಂದ ಬರಬೇಕು? ಬೂಟು ಹಾಕಿಕೊಂಡು ರಾಗಿ ಹೊಲಕ್ಕೆ ಇಳಿಯುವವರು ಯಾರು? ಚಿಕ್ಕಮುನಿಯಪ್ಪ ದಬ್ಬಣ ಚುಚ್ಚುತ್ತಾ ದಿನವೂ ಇದನ್ನು ನೋಡುತ್ತಿದ್ದ. ನೋಡಿ ನೋಡಿ ಒಳಗೇ ಕುದಿಯುತ್ತಿದ್ದ.

ನಲವತ್ನಾಲ್ಕರ ಮಾಘದಲ್ಲಿ ಅಂಜನಮೂರ್ತಿ ಅನ್ನುವವನು ಬಂದ. ಕೃಷ್ಣರಾಜಪುರದ ಹತ್ತಿರ ದೇವಸಂದ್ರದ ಒಕ್ಕಲು ಮನೆಯವನು, ಇಪ್ಪತ್ತೇಳು ವಯಸ್ಸು. ಮಣಿಪುರದ ಕಡೆ ರಸ್ತೆ ಕಡಿಯುವ ದಳದಲ್ಲಿದ್ದಾಗ ಗುಡ್ಡ ಕುಸಿದು ಬಲಗಾಲು ಜಜ್ಜಿಹೋಗಿತ್ತು. ಗ್ರೀವ್ಸ್ ಅವನಿಗೆ ಕಾಲು ಕಟ್ಟಿದ. ಹತ್ತು ಹೆಜ್ಜೆ ನೆಟ್ಟಗೆ ಬೀಳದ್ದರಿಂದ ಊರಿಗೆ ಕಳಿಸದೆ ಉಳಿಸಿಕೊಂಡ. ಎರಡನೇ ದಿನಕ್ಕೆ ಮೊಂಡುಗಾಲಿನ ತುದಿಯ ಹೊರಬದಿಯಲ್ಲಿ ಹುಣ್ಣು. ನಾಲ್ಕನೇ ದಿನ ಮೂರು ಹೆಜ್ಜೆ ಇಟ್ಟು ಕಂಬಿ ಹಿಡಿದು ನಿಂತ, ಮುಂದಕ್ಕೆ ಒಲ್ಲೆ ಅಂದ. ಗ್ರೀವ್ಸ್ ಅವನ ಭುಜಕ್ಕೆ ಕೋಲಿನಿಂದ ತಿವಿದು, ನಾಟಕ ಸಾಕು ಅಂದ.

ಚಿಕ್ಕಮುನಿಯಪ್ಪ ತೊಡೆಪಟ್ಟಿ ಬಿಚ್ಚುವ ನೆವದಲ್ಲಿ ಹೋಗಿ ಬೂಟನ್ನು ಎತ್ತಿ ನೋಡಿದ. ನಾಲ್ಕೇ ದಿನದ ಹೊಸ ಅಟ್ಟೆ ಹೊರ ಅಂಚಿನಲ್ಲಿ ಆಗಲೇ ಸವೆದಿತ್ತು. ಅವನಿಗೆ ಪುಸ್ತಕ ತೆರೆದಿಟ್ಟಂತಾಯಿತು. ಪಾದ ತೀರಾ ಒಳಕ್ಕೆ ಕೂತಿದೆ. ಮೈಭಾರ ಬಿದ್ದಾಗ ಮಂಡಿ ಹೊರಕ್ಕೆ ತಳ್ಳುತ್ತದೆ, ಬಟ್ಟಲು ವಾಲಿ ಮೊಂಡುಮೂಳೆಯ ತುದಿಯನ್ನು ಅರೆಯುತ್ತದೆ. ಖಚಿತ ಮಾಡಿಕೊಳ್ಳೋಣ ಅಂತ ಮಂಡಿಗೆ ಕೈ ಚಾಚಿದ. ಅಂಜನಮೂರ್ತಿ ಅವನ ಕೇರಿ ಯಾವುದು ಅನ್ನುವುದನ್ನು ಮೊದಲೇ ಕೇಳಿ ತಿಳಿದಿದ್ದವನು, ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡ. ಚಿಕ್ಕಮುನಿಯಪ್ಪನ ಕೈ ಗಾಳಿಯಲ್ಲೇ ನಿಂತಿತು. ನಿನ್ನ ತೊಡೆಗೆ ಸುತ್ತಿರೋ ಚರ್ಮ ಹೊಲಿದ ಕೈ ಇದೇ ಕಣಯ್ಯ ಅಂತ ಬಾಯಿಗೆ ಬಂತು, ನುಂಗಿಕೊಂಡ. ಆ ಸಿಟ್ಟಿನಲ್ಲೇ ಸಾರ್ಜೆಂಟನ ಮುಂದೆ ಹೋಗಿ ನಿಂತು, ಷೆಡ್ಡಿನ ಗುಮಾಸ್ತನ ಬಾಯಿಂದ ಇಂಗ್ಲಿಷಿನಲ್ಲಿ ವಿಷಯ ಹೇಳಿಸಿದ. ಪಾದವನ್ನು ಕೂದಲೆಳೆಯಷ್ಟು ಹೊರಕ್ಕೆ ಸರಿಸಿದರೆ ಹುಣ್ಣು ನಿಲ್ಲುತ್ತದೆ ಅಂದ.

ಗ್ರೀವ್ಸ್ ನಕ್ಕು, ಮೋಚಿ ಯಾವ ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದು ಅಂತ ಕೇಳಿದ. ಗುಮಾಸ್ತ ಕನ್ನಡಕ್ಕೆ ತರುವಾಗ ಮಾತನ್ನು ಮೆತ್ತಗೆ ಮಾಡಿ, ಸಾಹೇಬರು ಆಮೇಲೆ ನೋಡ್ತಾರಂತೆ ಅಂದ. ಸಾರ್ಜೆಂಟನ ಇಂಗ್ಲಿಷು ಮಾತೇ ಚಿಕ್ಕಮುನಿಯಪ್ಪನಿಗೆ ಅರ್ಥವಾಗಿತ್ತು.

ಅಂದು ಸಂಜೆಯೇ ಅಂಜನಮೂರ್ತಿಯ ಕಾಗದದ ಮೇಲೆ ಗ್ರೀವ್ಸ್ ಒಂದು ಸಾಲು ಬರೆದು ಅವನನ್ನು ಊರಿಗೆ ಕಳಿಸಿದ. 'ಕಾಲು ಸರಿಯಾಗಿದೆ, ನಡೆಯಲು ಮನಸ್ಸಿಲ್ಲ.'

ಮೂರು ತಿಂಗಳಾದ ಮೇಲೆ, ಷೆಡ್ಡಿಗೆ ರಜೆಯಿದ್ದ ಒಂದು ಭಾನುವಾರ ಹೊತ್ತೇರುವ ವೇಳೆಗೆ, ಒಬ್ಬ ಹೆಂಗಸು ತಲೆಯ ಮೇಲೆ ಗೋಣಿಚೀಲ ಹೊತ್ತು ಮಾರ್ಕೆಟ್ಟಿನ ಹಿಂದೆ ಮೋಚಿಗಳನ್ನೆಲ್ಲ ವಿಚಾರಿಸುತ್ತಾ ಬಂದಳು. ಚಿಕ್ಕಮುನಿಯಪ್ಪನ ಮುಂದೆ ಚೀಲ ಇಳಿಸಿ ಬಾಯಿ ಬಿಚ್ಚಿದಾಗ ಒಳಗೆ ಮರದ ಕಾಲಿತ್ತು, ಅದೇ ಬೂಟಿನ ಸಮೇತ. ಅವಳು ಅಂಜನಮೂರ್ತಿಯ ಹೆಂಡತಿ ಯಶೋದಮ್ಮ. ಬೂಟಿನ ಚರ್ಮ ಬಿಚ್ಚಿಕೊಂಡು ಏನಾದರೂ ಕೊಡು, ಈ ದರಿದ್ರ ಮನೇಲಿರೋದು ಬೇಡ ಅಂದಳು. ಚಿಕ್ಕಮುನಿಯಪ್ಪ ಗಂಡನ ಸಮಾಚಾರ ಕೇಳಿದ್ದೇ ತಡ, ಕಟ್ಟೆ ಒಡೆದ ಹಾಗೆ ಎಲ್ಲ ಹೊರಬಿತ್ತು. ಆಸ್ಪತ್ರೆಯ ಕಾಗದವನ್ನು ಊರ ಶ್ಯಾನುಭೋಗರು ಅರಳಿಕಟ್ಟೆಯಲ್ಲಿ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿ ಅರ್ಥ ಹೇಳಿದ್ದರು. ಆವತ್ತಿನಿಂದ ಅಂಜನಮೂರ್ತಿಗೆ ಊರಲ್ಲಿ ಮನಸ್ಸಿಲ್ಲದ ಮೂರ್ತಿ ಅಂತಲೇ ಹೆಸರು. ಅಣ್ಣತಮ್ಮಂದಿರು, ಕೂತು ಉಣ್ಣೋಕೆ ಸರ್ಕಾರವೇ ಬರೆದುಕೊಟ್ಟಿದೆಯಲ್ಲ ಅಂತ ಊಟಕ್ಕೆ ಕೂತಾಗಲೆಲ್ಲ ಚುಚ್ಚುತ್ತಿದ್ದರು. ಕಾಲು ಕಟ್ಟಿಕೊಂಡು ಹೊಲದ ಬದುವಿನ ಮೇಲೆ ಹೋಗಲು ನೋಡಿ ಎರಡು ಸಲ ಕಾಲುವೆಗೆ ಬಿದ್ದಿದ್ದ. ಬಿದ್ದದ್ದನ್ನು ಕಂಡವರು ನಕ್ಕಿದ್ದರು.

"ನಡೆಯಕ್ಕೆ ಮನಸ್ಸಿಲ್ದೋನು ರಕ್ತ ಸೋರೋವರೆಗೂ ನಡೀತಾನಾ ಅಣ್ಣಾ?" ಅಂದಳು ಯಶೋದಮ್ಮ. "ಅವ್ರಿಗೆ ಓದಕ್ಕೆ ಬರ್ತದೆ, ನಮ್ಗೆ ಬರಲ್ಲ. ಅಷ್ಟಕ್ಕೇ ಅವ್ರು ಬರ್ದಿದ್ದೇ ನಿಜ ಆಗೋಯ್ತು."

ಚಿಕ್ಕಮುನಿಯಪ್ಪ ಬೂಟಿನ ಸವೆದ ಅಂಚಿನ ಮೇಲೆ ಹೆಬ್ಬೆರಳು ಎಳೆದ. ಆ ಕಾಗದ ಬರೆದ ದಿನ ತಾನು ಅಲ್ಲೇ ಇದ್ದವನು. ತಪ್ಪು ಎಲ್ಲಿದೆ ಅಂತ ಕಣ್ಣಾರೆ ಕಂಡವನು. ಹೇಳಿ ಬೈಸಿಕೊಂಡು, ಬಾಯಿ ಮುಚ್ಚಿಕೊಂಡು ಮತ್ತೆ ದಬ್ಬಣ ಹಿಡಿದವನು. ಗ್ರೀವ್ಸ್ ಮೇಲಿದ್ದಷ್ಟೇ ಸಿಟ್ಟು ಆ ಗಳಿಗೆಯಲ್ಲಿ ಅವನಿಗೆ ತನ್ನ ಮೇಲೂ ಬಂತು. ಹೊಲಕ್ಕೆ ಇದು ಬೇಕಾಗಿಲ್ಲ ಅಂತ ಬೂಟು ಬಿಚ್ಚಿ ಯಶೋದಮ್ಮನ ಕೈಗೆ ಕೊಟ್ಟ, ಕಾಲನ್ನು ತನ್ನ ಹತ್ತಿರ ಇಟ್ಟುಕೊಂಡ. ಮುಂದಿನ ಭಾನುವಾರ ನಿಮ್ಮೋರನ್ನ ಕರ್ಕೊಂಬಾಮ್ಮ, ನೋಡೇಬಿಡೋಣ ಅಂದ.

ಅಂಜನಮೂರ್ತಿ ಊರುಗೋಲಿನ ಮೇಲೆ, ಕೃಷ್ಣರಾಜಪುರದಿಂದ ರೈಲಿನಲ್ಲಿ ಬಂದ. ಬರಲು ಇಷ್ಟವಿಲ್ಲದೆ, ಹೆಂಡತಿಯ ಹಟಕ್ಕೆ ಬಂದಿದ್ದ. ಚಿಕ್ಕಮುನಿಯಪ್ಪ ಚಾಂದ್ ಪಾಷಾನನ್ನೂ ಕರೆಸಿಕೊಂಡಿದ್ದ. ಕಾಲು ಕಟ್ಟುವ ಮುಂಚೆ ಅಂಜನಮೂರ್ತಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ಮಂಡಿ ಮುಟ್ದೇ ಈ ಕೆಲ್ಸ ಆಗಲ್ಲ. ಮುಟ್ಟಿಸ್ಕೊಳ್ಳೋ ಹಂಗಿದ್ರೆ ಕೂತ್ಕೋ, ಇಲ್ದಿದ್ರೆ ಒಂಬತ್ತೂವರೆ ರೈಲಿಗೆ ವಾಪಸ್ ಹೋಗು."

ಅಂಜನಮೂರ್ತಿ ತಲೆ ತಗ್ಗಿಸಿದ. ಆಮೇಲೆ ಪಂಚೆ ಮೇಲಕ್ಕೆ ಸರಿಸಿ ಮೊಂಡುಗಾಲನ್ನು ಚಿಕ್ಕಮುನಿಯಪ್ಪನ ಅಂಗೈಗೆ ಇಟ್ಟ.

ಮಾರ್ಕೆಟ್ಟಿನ ಹಿಂದೆ ಮೀನು ತೊಳೆದ ನೀರು ಹರಿದು ನೆಲ ಯಾವಾಗಲೂ ಹಸಿಯಾಗಿರುತ್ತಿತ್ತು. ಅಲ್ಲೇ ಬರಿಗಾಲಲ್ಲಿ, ಅಂದರೆ ಒಂದು ಬರಿಗಾಲು ಒಂದು ಮರದ ಪಾದದಲ್ಲಿ, ಅವನನ್ನು ನಡೆಸಿದರು. ಗುಡ್ಡ ಹತ್ತಿದ ಹಾಗಾಗುತ್ತೆ, ಮಂಡಿ ಹಿಂದಕ್ಕೆ ತಳ್ಳುತ್ತೆ ಅಂದ ಅಂಜನಮೂರ್ತಿ. ಕೆಸರಿನಲ್ಲಿ ಬಿದ್ದ ಹೆಜ್ಜೆ ಗುರುತಿನ ಮೇಲೆ ಚಿಕ್ಕಮುನಿಯಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ. ಪಾದದ ಮುಂಭಾಗ ಆಳವಾಗಿ ಊರಿತ್ತು, ಹಿಮ್ಮಡಿ ನೆಲಕ್ಕೆ ತಾಗಿಯೇ ಇರಲಿಲ್ಲ. ಸೀಮೆಯಲ್ಲಿ ಎತ್ತರ ಹಿಮ್ಮಡಿಯ ಬೂಟಿಗೆ ಅಂತ ಮಾಡಿದ ಪಾದ ಅದು, ಬೂಟು ತೆಗೆದರೆ ಬೆರಳ ಕಡೆ ಕೆಳಕ್ಕೆ ಚೂಪಾಗಿ ನಿಲ್ಲುತ್ತಿತ್ತು. ಅವನು ಎಮ್ಮೆ ಚರ್ಮದ ಮೂರು ಪದರ ಅಂಟಿಸಿ, ಚರ್ಮ ಕೊಯ್ಯುವ ರಂಪಿಗೆಯಿಂದ ಕೆತ್ತಿ, ಹಿಂದೆ ದಪ್ಪ ಮುಂದೆ ತೆಳು ಇರುವ ಒಂದು ಬೆಣೆ ಮಾಡಿದ. ಪಾಷಾ ಬೋಲ್ಟು ಸಡಿಲಿಸಿ, ಪಾದಕ್ಕೂ ಮೇಲಿನ ಮರಕ್ಕೂ ನಡುವೆ ಅದನ್ನು ಕೂರಿಸಿ ಬಿಗಿದ. ಬೆರಳ ಕಡೆ ಮೇಲೆದ್ದು ಹಿಮ್ಮಡಿ ನೆಲ ಕಂಡಿತು. ಚರ್ಮವಾದ್ದರಿಂದ ಭಾರಕ್ಕೆ ತುಸು ಬಾಗುತ್ತಲೂ ಇತ್ತು.

ಪಾದವನ್ನು ಹೊರಕ್ಕೆ ಸರಿಸುವುದು ಇನ್ನೂ ಕಷ್ಟದ್ದಾಯಿತು. ಪಾಷಾ ಬೋಲ್ಟಿನ ತೂತನ್ನು ಬದಿಗೆ ಉದ್ದ ಮಾಡಿದ. ಮೊದಲ ಸಲ ಚಿಕ್ಕಮುನಿಯಪ್ಪ ಆತುರಪಟ್ಟು ಹೆಚ್ಚು ಸರಿಸಿಬಿಟ್ಟ. ಮಂಡಿ ಒಳಕ್ಕೆ ವಾಲಿ ಅಂಜನಮೂರ್ತಿ ಕೆಸರಿನಲ್ಲಿ ಮುಗ್ಗರಿಸಿದ. ಮಾರ್ಕೆಟ್ಟಿನವರು ಒಬ್ಬಿಬ್ಬರು ನಕ್ಕರು. ಚಿಕ್ಕಮುನಿಯಪ್ಪ ಅವನನ್ನು ಎಬ್ಬಿಸಿ ಕೂರಿಸಿ, ಇದು ನನ್ನ ತಪ್ಪು, ನಿಂದಲ್ಲ ಅಂದ. ಆಸ್ಪತ್ರೆಯಲ್ಲಿ ಯಾರೂ ತನಗೆ ಆ ಮಾತು ಹೇಳಿರಲಿಲ್ಲ ಅಂತ ಅಂಜನಮೂರ್ತಿ ಮುಂದೆ ಎಷ್ಟೋ ಜನರ ಹತ್ತಿರ ಹೇಳಿಕೊಂಡ.

ನಾಲ್ಕು ಭಾನುವಾರ ಹಿಡಿಯಿತು. ಒಂದು ಅಕ್ಕಿಕಾಳಿನಷ್ಟು ಸರಿಸುವುದು, ನಡೆಸುವುದು, ಹೆಜ್ಜೆ ನೋಡುವುದು, ಮಂಡಿಯ ಎರಡೂ ಬದಿಗೆ ಬೆರಳಿಟ್ಟು ಎತ್ತ ಜಗ್ಗುತ್ತದೆ ಅಂತ ಹಿಡಿದು ನೋಡುವುದು. ಐದನೇ ಭಾನುವಾರ ಚಿಕ್ಕಮುನಿಯಪ್ಪನೇ ದೇವಸಂದ್ರಕ್ಕೆ ಹೋದ. ಊರ ಮುಂದಿನ ಗದ್ದೆಯ ಬದುವಿನ ಮೇಲೆ ಅಂಜನಮೂರ್ತಿ ಈ ತುದಿಯಿಂದ ಆ ತುದಿಗೆ ನಡೆದ, ತಿರುಗಿ ಬಂದ, ಆಮೇಲೆ ಹೆಂಡತಿಯ ಕೈಯಿಂದ ಹುಲ್ಲಿನ ಹೊರೆ ಇಸಿದುಕೊಂಡು ಮತ್ತೆ ನಡೆದ. ಅರಳಿಕಟ್ಟೆಯಲ್ಲಿದ್ದವರು ಎದ್ದು ನಿಂತು ನೋಡಿದರು. ಚಿಕ್ಕಮುನಿಯಪ್ಪನನ್ನು ಯಶೋದಮ್ಮ ಮನೆಯ ಒಳಗೆ ಕರೆದು ಊಟ ಬಡಿಸಿದಳು. ಅತ್ತೆ ಗೊಣಗಿದ್ದು ಅವನ ಕಿವಿಗೂ ಬಿತ್ತು, ಯಶೋದಮ್ಮನ ಕಿವಿಗೂ ಬಿತ್ತು. ಅವಳು ಇನ್ನೊಂದು ಮುದ್ದೆ ಹಾಕಿದಳು.

ಸುದ್ದಿ ಹಬ್ಬಲು ಡಂಗುರ ಬೇಕಾಗಲಿಲ್ಲ. ಗೋಣಿಚೀಲದಲ್ಲಿ ಕಾಲು ಕಟ್ಟಿಕೊಂಡು ಒಬ್ಬೊಬ್ಬರೇ ಬರತೊಡಗಿದರು. ಹೊಸಕೋಟೆಯಿಂದ ಒಬ್ಬ, ವರ್ತೂರಿನಿಂದ ಒಬ್ಬ, ಕೋಲಾರದಿಂದ ಇಬ್ಬರು. ಆರು ತಿಂಗಳಲ್ಲಿ ಹನ್ನೊಂದು ಜನ. ಹನ್ನೊಂದರಲ್ಲಿ ಏಳು ಜನರ ಕಾಗದದ ಮೇಲೆ ಮನಸ್ಸಿಲ್ಲ ಅನ್ನುವ ಅದೇ ಸಾಲಿತ್ತು. ಕಾಗದ ಓದಿ ಹೇಳಿದವನು ಪಕ್ಕದ ಬಟ್ಟೆ ಅಂಗಡಿಯ ಅಕ್ತರ್. ಏಳನೆಯದನ್ನು ಓದಿದ ಮೇಲೆ, ಅದ್ಯಾವ ಮನಸ್ಸನ್ನ ಅಳೆದು ನೋಡಿದ್ನಂತೆ ಆ ಸಾರ್ಜೆಂಟು ಅಂತ ಅವನೂ ಹಲ್ಲು ಕಡಿದ.

ಗ್ರೀವ್ಸ್‌ಗೆ ತಿಳಿಯದೆ ಇರುತ್ತದೆಯೆ? ಪರೀಕ್ಷೆಗೆ ಅಂತ ಮತ್ತೆ ಬಂದ ಒಬ್ಬನ ಕಾಲಿನಲ್ಲಿ ಬೆಣೆ ಸಿಕ್ಕಿತು. ಸರ್ಕಾರಿ ಸ್ವತ್ತು ಕೆಡಿಸಿದ ಅಂತ ಚಿಕ್ಕಮುನಿಯಪ್ಪನ ಮೇಲೆ ದೂರು ಬರೆದ. ಆಸ್ಪತ್ರೆಯ ಮೇಜರ್ ಡಾಕ್ಟರು ವಿಚಾರಣೆಗೆ ಕೂತರು. ಬೂಟು ಕಳಚಿ ಬಾಗಿಲ ಹೊರಗೆ ನಿಲ್ಲು ಅಂತ ಜವಾನ ಹೇಳಿದಾಗ ಚಿಕ್ಕಮುನಿಯಪ್ಪನಿಗೆ ನಗು ಬಂತಂತೆ. ಊರಿಗೆಲ್ಲ ಬೂಟು ಹೊಲಿದವನ ಕಾಲಲ್ಲಿ ಬೂಟೆಲ್ಲಿತ್ತು? ಪಾಷಾ ಒಳಗೆ ಬಂದು, ತೂತು ಕೊರೆದವನು ನಾನು, ನನ್ನ ಹೆಸರೂ ಬರೆದುಕೊಳ್ಳಿ ಅಂದ. ಅವನನ್ನು ಹೊರಗೆ ಕಳಿಸಿದರು.

ಆಮೇಲೆ ಚಿಕ್ಕಮುನಿಯಪ್ಪನನ್ನು ಒಳಗೆ ಕರೆದರು. ಗುಮಾಸ್ತ ಈ ಸಲವೂ ಮಾತು ಮೆತ್ತಗೆ ಮಾಡಲು ನೋಡಿದ. ಚಿಕ್ಕಮುನಿಯಪ್ಪ ಅವನನ್ನು ತಡೆದು, "ಸ್ವಾಮಿ, ನಾನು ಹೇಳಿದ್ದು ಹೇಳಿದ ಹಂಗೇ ಹೇಳಿ. ಅಂಜನಮೂರ್ತಿ ಹೊರಗೆ ಕೂತವ್ನೆ. ಅವನನ್ನ ಈ ಗಾರೆ ಮೇಲೆ ಬೇಡ, ಹಿಂದ್ಗಡೆ ಅಗೆದು ಹಾಕಿರೋ ಮಣ್ಣಿನ ಮೇಲೆ ನಡೆಸಿ ನೋಡ್ಲಿ. ಬಿದ್ರೆ ನನ್ನ ಜೈಲಿಗೆ ಹಾಕ್ಲಿ," ಅಂದ.

ಮೇಜರ್ ಎದ್ದು ಹೋಗಿ ನೋಡಿದರು. ಅಂಜನಮೂರ್ತಿ ಹೆಂಟೆಗಳ ಮೇಲೆ ಬರಿಗಾಲಲ್ಲಿ ನಡೆದ, ಕೂತ, ಎದ್ದ. ಮೇಜರ್ ಕಾಲು ಬಿಚ್ಚಿಸಿ, ಬೆಣೆಯನ್ನು ಬೆರಳಿಂದ ಒತ್ತಿ, ಅಳತೆ ತೆಗೆದು, ಪುಸ್ತಕದಲ್ಲಿ ಚಿತ್ರ ಬರೆದುಕೊಂಡರು. ಅರ್ಧ ಗಂಟೆ ಪ್ರಶ್ನೆ ಕೇಳಿದರು. ಚಿಕ್ಕಮುನಿಯಪ್ಪ ತನ್ನ ಹತ್ತಿರ ಬಂದವರ ಸವೆದ ಅಟ್ಟೆಗಳನ್ನು ಸಾಲಾಗಿ ಇಟ್ಟು, ಯಾವ ಸವೆತಕ್ಕೆ ಯಾವ ಹುಣ್ಣು, ಯಾವ ಹುಣ್ಣಿಗೆ ಎತ್ತ ಸರಿಸಬೇಕು ಅಂತ ತೋರಿಸಿದ. ಕೊನೆಗೆ ಮೇಜರ್ ಬಹಳ ಚೆನ್ನಾಗಿದೆ ಅಂದರು. ಚಿಕ್ಕಮುನಿಯಪ್ಪ ಕೇಳಿದ್ದು ಒಂದೇ. ಆ ಏಳು ಕಾಗದಗಳ ಮೇಲಿನ ಸಾಲನ್ನು ಹೊಡೆದುಹಾಕಿಸಿ ಅಂತ. ಅದು ಈ ವಿಚಾರಣೆಗೆ ಬರುವುದಿಲ್ಲ ಅಂದರು ಮೇಜರ್.

ಒಂದು ವಾರಕ್ಕೆ ಎರಡು ಹುಕುಂ ಒಟ್ಟಿಗೇ ಬಂದವು. ಇನ್ನು ಮುಂದೆ ಹಿಂದೂಸ್ತಾನಿ ಸಿಪಾಯಿಗಳ ಕಾಲಿಗೆಲ್ಲ ಚರ್ಮದ ಬೆಣೆ ಹಾಕತಕ್ಕದ್ದು ಅಂತ ಒಂದು. ಸರ್ಕಾರಿ ಸ್ವತ್ತು ಕೆಡಿಸಿದ ಮೋಚಿಯನ್ನು ಕೆಲಸದಿಂದ ತೆಗೆಯತಕ್ಕದ್ದು ಅಂತ ಇನ್ನೊಂದು. ಹೊಸ ಪಟ ಗೋಡೆಗೆ ಬಂತು. ಅದರ ಕೆಳಗೆ ಯಾರ ಹೆಸರಿದೆ ಅಂತ ಪಾಷಾ ಗುಮಾಸ್ತನಿಂದ ಓದಿಸಿ ಬಂದು ಹೇಳಿದ. ಗ್ರೀವ್ಸ್ ಬೆಣೆ ಅಂತ ಬರೆದಿತ್ತು. ಹೇಳಿದವನ ಕಣ್ಣಲ್ಲಿ ನೀರಿತ್ತು. ಚಿಕ್ಕಮುನಿಯಪ್ಪನ ಕಣ್ಣು ಒಣಗಿಯೇ ಇತ್ತು. ಕೈಯಲ್ಲಿದ್ದ ರಂಪಿಗೆಯನ್ನು ಕಲ್ಲಿನ ಮೇಲೆ ಮಸೆಯುತ್ತಲೇ ಇದ್ದ, ಅದರ ಅಲಗು ಹಾಳಾಗುವವರೆಗೆ.

ಯುದ್ಧ ಮುಗಿಯಿತು. ಗ್ರೀವ್ಸನೂ ಮೇಜರನೂ ಹಡಗು ಹತ್ತಿದರು. ದಂಡಿನ ಮೇಲೆ ಬಾವುಟ ಬದಲಾಯಿತು. ಚಿಕ್ಕಮುನಿಯಪ್ಪ ತಗಡಿನ ಮರೆಯ ಕೆಳಗೆ ಜೋಡು ಹೊಲಿಯುತ್ತಾ, ಭಾನುವಾರ ಭಾನುವಾರ ಪಾಷಾನ ಜೊತೆ ಕಾಲು ಸರಿಮಾಡುತ್ತಾ ಇದ್ದ. ಆ ಏಳು ಕಾಗದಗಳ ಸಾಲು ಹೊಡೆದುಹಾಕಿ ಅಂತ ಅಕ್ತರ್ ಕೈಲಿ ಅರ್ಜಿ ಬರೆಸಿ ಹೊಸ ಸರ್ಕಾರಕ್ಕೆ ಮೂರು ಸಲ ಕಳಿಸಿದ. ಯುದ್ಧಕಾಲದ ದಾಖಲೆಗಳನ್ನು ತಿದ್ದಲು ಬರುವುದಿಲ್ಲ ಅಂತ ಒಂದು ಉತ್ತರ ಬಂತು, ಅದೂ ಇಂಗ್ಲಿಷಿನಲ್ಲಿ. ಹೋಗ್ಲಿ ಬಿಡಣ್ಣ, ನಾನು ನಡೀತಿದೀನಲ್ಲ ಅಂತ ಅಂಜನಮೂರ್ತಿಯೇ ಸಮಾಧಾನ ಹೇಳಿದ. ಬಿಡುವುದು ಚಿಕ್ಕಮುನಿಯಪ್ಪನಿಗೆ ಆಗಲಿಲ್ಲ. ಸಾಯುವವರೆಗೂ ಆಗಲಿಲ್ಲ.

ನಲವತ್ತೊಂಬತ್ತರಲ್ಲಿ ಕನ್ನಡಕದ ಒಬ್ಬ ಹುಡುಗುಮುಖದ ಡಾಕ್ಟರು, ಮುನಿರಾಜಪ್ಪ ಅಂತ, ಮೋಚಿಯ ಮರೆ ಹುಡುಕಿಕೊಂಡು ಬಂದರು. ಹಲಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಕಾಲಿಲ್ಲದವರಿಗೆ ಅಂತ ಹೊಸದಾಗಿ ಒಂದು ಕೋಣೆ ತೆರೆದಿದ್ದರು. ಕೈಯಲ್ಲಿ ಹಳೇ ಪಟದ ನಕಲಿತ್ತು. ಗ್ರೀವ್ಸ್ ಬೆಣೆ ಹಾಕುವುದರಲ್ಲಿ ನೀವು ಗಟ್ಟಿಗರಂತೆ, ಯಾರ ಹತ್ತಿರ ಕಲಿತಿರಿ ಅಂತ ವಿನಯದಿಂದಲೇ ಕೇಳಿದರು.

ಪಾಷಾ ಉಳಿ ಕೆಳಗಿಟ್ಟ. ಚಿಕ್ಕಮುನಿಯಪ್ಪ ಆ ಪಟವನ್ನು ಇಸಿದುಕೊಂಡು, ಮಡಿಚಿ, ಡಾಕ್ಟರ ಜೇಬಿಗೇ ತುರುಕಿದ. "ಕೂತ್ಕೊಳ್ಳಿ ಸ್ವಾಮಿ," ಅಂದ. ಮೊದಲಿನಿಂದ ಕೊನೆವರೆಗೆ ಎಲ್ಲವನ್ನೂ ಹೇಳಿದ. ಅಂಜನಮೂರ್ತಿಯ ಹುಣ್ಣು, ಶ್ಯಾನುಭೋಗರ ಓದು, ಮೀನುನೀರಿನ ಕೆಸರು, ಎರಡು ಹುಕುಂ. ಡಾಕ್ಟರು ಮಧ್ಯಾಹ್ನದವರೆಗೆ ಕಲ್ಲಿನ ಮೇಲೆ ಕೂತು ಕೇಳಿದರು. ಮುಖ ಕೆಂಪಾಗಿತ್ತು. ಆಸ್ಪತ್ರೆಗೆ ಬನ್ನಿ ಮುನಿಯಪ್ಪನವರೇ, ಇಬ್ಬರೂ ಬನ್ನಿ ಅಂದರು.

ಚಿಕ್ಕಮುನಿಯಪ್ಪ ಮೂರು ಕರಾರು ಹಾಕಿದ. ಕಾಗದದಲ್ಲಿ ತನ್ನ ಹೆಸರಿನ ಮುಂದೆ ಮೋಚಿ ಅಂತ ಬರೆಯಕೂಡದು, ಕಾಲಿನ ಮೇಸ್ತ್ರಿ ಅಂತ ಬರೆಯಬೇಕು. ರೋಗಿಯ ಮಂಡಿ ಮುಟ್ಟಬೇಡ ಅಂತ ಯಾವನೂ ತನಗೆ ಹೇಳಕೂಡದು. ಆಸ್ಪತ್ರೆಯ ಹಿತ್ತಲಿಗೆ ನಾಲ್ಕು ಗಾಡಿ ಮಣ್ಣು, ಒಂದು ಗಾಡಿ ಜಲ್ಲಿ ಹೊಡೆಸಬೇಕು, ಅದರ ಮೇಲೆ ನಡೆಯದ ಹೊರತು ಯಾರ ಕಾಗದಕ್ಕೂ ರುಜು ಬೀಳಕೂಡದು. ಡಾಕ್ಟರು ಮೂರಕ್ಕೂ ಒಪ್ಪಿದರು. ಮಣ್ಣಿನ ವಿಷಯಕ್ಕೆ ಆಡಳಿತದವರು ಕೊಸರಾಡಿ, ಹಿತ್ತಲು ಗಲೀಜಾಗುತ್ತೆ ಅಂದರು. ಗಾಡಿಗಳು ಬಂದು ಮಣ್ಣು ಸುರಿಯುವವರೆಗೆ ಚಿಕ್ಕಮುನಿಯಪ್ಪ ಒಳಗೆ ಕಾಲಿಡಲಿಲ್ಲ.

ಅಲ್ಲಿ ಅವನ ಕೈಗೆ ಮೊದಲು ಬಂದವಳು ದೊಮ್ಮಲೂರಿನಿಂದ ಹಾಲು ತರುತ್ತಿದ್ದ ದೊಡ್ಡಮುನಿಯಮ್ಮ. ಲಾರಿಗೆ ಸಿಕ್ಕಿ ಎಡಗಾಲು ಹೋಗಿ ವರ್ಷವಾಗಿತ್ತು. ಬಾಯಿ ಜೋರು. ನೀರು ಹಾಕಿ ಕಲಸಿದ ಮಣ್ಣಿನ ಮೇಲೆ ಅವಳು ಪಾಷಾನ ಭುಜ ಹಿಡಿದು ಹೆಜ್ಜೆ ಇಟ್ಟಳು, ಆಮೇಲೆ ಭುಜ ಬಿಟ್ಟು ಇಟ್ಟಳು. ಹಿತ್ತಲ ಗೋಡೆ ಮುಟ್ಟಿ ವಾಪಸು ಬಂದು, ನಡೆಯಕ್ಕೇನೋ ಆಗ್ತದೆ, ತಲೆ ಮೇಲೆ ಎರಡು ಕೊಡ ಹಾಲಿದ್ರೆ ಈ ಮಂಡಿ ಹಿಂಗೇ ನಿಲ್ತದೆ ಅಂತ ನಂಬಿಕೆ ಇಲ್ಲ ಅಂದಳು. ಡಾಕ್ಟರು ಪರವಾಗಿಲ್ಲ, ಚೆನ್ನಾಗಿದೆಯಲ್ಲ ಅಂದರು.

ಚಿಕ್ಕಮುನಿಯಪ್ಪ ಅವರ ಕಡೆ ತಿರುಗಿಯೂ ನೋಡಲಿಲ್ಲ. ಎರಡು ಕೊಡ ನೀರು ತರಿಸಿ ಅವಳ ತಲೆಯ ಮೇಲೆ ಇರಿಸಿದ. ಮತ್ತೆ ನಡೆಸಿ, ಮಣ್ಣಿನಲ್ಲಿ ಬಿದ್ದ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಹಿಮ್ಮಡಿಯ ಒಳ ಅಂಚು ತುಸು ಹೆಚ್ಚು ಊರಿತ್ತು.

"ಆಯಮ್ಮ ಹೇಳೋದೇ ಸರಿ," ಅಂದ. "ಪಾಷಾ ಭಾಯ್, ಬೋಲ್ಟು ಬಿಚ್ಚಿ."